ಕರೆಂಟಿನ ಮಾತು ಕಲಿಯೋಣ

ಮಳೆಗಾಲ ಹಿಡಿಯಿತೆಂದರೆ ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಂಥ ಘಟ್ಟದಂಚಿನ ಊರುಗಳಲ್ಲಿ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, 'ನಿಮ್ಮಲ್ಲಿ ಕರೆಂಟು ಇದ್ದಾ?' ಎಂಬುದು. ಎಲ್ಲೋ ಕಾಡಿನ ನಡುವೆ ಮರ ಬಿದ್ದು ಲೈನು ಹರಿದಿರುತ್ತದೆ. ಕರೆಂಟು ಬಂದರೂ ವೋಲ್ಟೇಜ್ ಇರುವುದಿಲ್ಲ. ವೋಲ್ಟೇಜ್ ಬಂತೆಂದು ಪಂಪು ಹಾಕಿದರೆ ಫ್ಯೂಸು ಹೋಗುತ್ತದೆ. ಹೀಗೆ ವೋಲ್ಟೇಜ್, ಫ್ಯೂಸ್, ಲೋಡ್, ಯೂನಿಟ್ ಎಂಬ ಮಾತುಗಳು ಅಕ್ಕಿ ಬೇಳೆಯಷ್ಟೇ ನಮ್ಮ ಮನೆಮಾತಾಗಿವೆ. ಆದರೆ ಅವುಗಳ ಅರ್ಥ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಹೈಸ್ಕೂಲಿನ ಹುಡುಗಿ ಓಮ್ ನಿಯಮ ಬರೆದು ಪೂರ್ತಿ ಅಂಕ ಪಡೆದಿರುತ್ತಾಳೆ. ಅದೇ ಮನೆಯಲ್ಲಿ ಮಿಕ್ಸಿ ಮುಟ್ಟಿದರೆ 'ಜುಂ' ಎನ್ನುತ್ತದೆ, ಯಾಕೆಂದು ಯಾರಿಗೂ ಗೊತ್ತಿರುವುದಿಲ್ಲ.

ಪುಸ್ತಕದ ವಿದ್ಯುತ್ತನ್ನೂ ಮನೆಯ ಕರೆಂಟನ್ನೂ ಈ ವಾರ ಒಟ್ಟಿಗೆ ಇಟ್ಟು ನೋಡೋಣ. ವಿದ್ಯಾರ್ಥಿಗಳು ಓದಿ ಮನೆಯವರಿಗೆ ಹೇಳಬೇಕು. ತಂದೆ ತಾಯಂದಿರು ಕೊನೆಯ ಭಾಗವನ್ನಾದರೂ ತಪ್ಪದೆ ಓದಬೇಕು. ಯಾಕೆಂದರೆ ಈ ಮಾತುಗಳಲ್ಲಿ ಕೆಲವು ಬಿಲ್ಲಿಗೆ ಸೇರಿದವು, ಇನ್ನು ಕೆಲವು ಜೀವಕ್ಕೆ ಸೇರಿದವು.

ಅಬ್ಬಿ ನೀರಿನ ಪಾಠ

ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ದಬ್ಬೆಯಲ್ಲೋ ಪೈಪಿನಲ್ಲೋ ಮನೆಯಂಗಳಕ್ಕೆ ನೀರು ತರುವ ಅಬ್ಬಿಯನ್ನು ನಮ್ಮ ಕಡೆಯ ಮಕ್ಕಳು ನೋಡಿಯೇ ಇರುತ್ತಾರೆ. ಒರತೆ ಎಷ್ಟು ಎತ್ತರದಲ್ಲಿದೆಯೋ ನೀರಿನ ರಭಸ ಅಷ್ಟು ಹೆಚ್ಚು. ವಿದ್ಯುತ್ತಿನಲ್ಲಿ ಈ ಎತ್ತರಕ್ಕೆ ಸಮನಾದದ್ದು ವೋಲ್ಟ್. ಸೆಕೆಂಡಿಗೆ ಎಷ್ಟು ನೀರು ಹರಿದು ಬರುತ್ತದೆ ಎಂಬುದಕ್ಕೆ ಸಮನಾದದ್ದು ಆಂಪಿಯರ್. ಪೈಪು ಸಣ್ಣದಾಗಿದ್ದರೆ ಅಥವಾ ತರಗೆಲೆ ಕಟ್ಟಿಕೊಂಡರೆ ನೀರು ಕಡಿಮೆಯಾಗುತ್ತದಲ್ಲ, ಆ ಅಡ್ಡಿಯೇ ಓಮ್, ಅಂದರೆ ರೋಧ. ಎತ್ತರ, ಹರಿವು ಎರಡೂ ಸೇರಿ ನೀರು ಎಷ್ಟು ಬಿರುಸಾಗಿ ಕೆಲಸ ಮಾಡಬಲ್ಲದು ಎಂಬ ಲೆಕ್ಕ ವ್ಯಾಟ್.

ಇವೆಲ್ಲ ಮನುಷ್ಯರ ಹೆಸರುಗಳು. 1800ರಲ್ಲಿ ಮೊದಲ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ ಇಟಲಿಯ ವೋಲ್ಟಾ, ಫ್ರಾನ್ಸಿನ ಆಂಪಿಯರ್, 1827ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದ ಜರ್ಮನಿಯ ಓಮ್, ಉಗಿಯಂತ್ರವನ್ನು ಸುಧಾರಿಸಿದ ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್. ನೆನಪಿಡಬೇಕಾದ ಸೂತ್ರಗಳು ಎರಡೇ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್.

ನೀರಿನ ಹೋಲಿಕೆ ಬರೀ ಬಾಯಿಮಾತಲ್ಲ. ಮಲೆನಾಡಿನ ಎಷ್ಟೋ ಒಂಟಿ ಮನೆಯವರು ಹಳ್ಳದ ನೀರಿಗೆ ಪೈಪು ಹಾಕಿ, ಸಣ್ಣ ಟರ್ಬೈನು ತಿರುಗಿಸಿ ಮನೆ ಬೆಳಗಿಸಿಕೊಂಡಿದ್ದಾರೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಬಿದ್ದರೆ ಅದರಲ್ಲಿ ಸುಮಾರು 1960 ವ್ಯಾಟಿನ ಬಲವಿದೆ. ಅರ್ಧ ಕೈಗೆ ಸಿಕ್ಕರೂ ಸಾವಿರ ವ್ಯಾಟಿಗೆ ತುಸು ಕಡಿಮೆ. ಇದೇ ಲೆಕ್ಕದ ದೊಡ್ಡ ರೂಪ ಶರಾವತಿಯ ವಿದ್ಯುದಾಗಾರ. ಅಲ್ಲಿ 10 ಯಂತ್ರಗಳು, ಒಟ್ಟು 1035 ಮೆಗಾವ್ಯಾಟ್. ಒಂದು ಮೆಗಾವ್ಯಾಟ್ ಎಂದರೆ ಹತ್ತು ಲಕ್ಷ ವ್ಯಾಟ್.

ಒಂದು ವಿಷಯದಲ್ಲಿ ಮಾತ್ರ ಕರೆಂಟು ನೀರಿನ ಹಾಗಲ್ಲ. ಪೈಪು ತುಂಡಾದರೆ ನೀರು ಸೋರಿ ಹೋಗುತ್ತದೆ. ವಿದ್ಯುತ್ತು ಹರಿಯಬೇಕಾದರೆ ಹೋದಷ್ಟೂ ವಾಪಸು ಬರಲು ದಾರಿ ಬೇಕು. ಮನೆಗೆ ಬರುವ ತಂತಿ ಫೇಸ್, ಹಿಂದಿರುಗುವ ತಂತಿ ನ್ಯೂಟ್ರಲ್. ಕರೆಂಟು ಹಿಂದಿರುಗಲು ಇನ್ನೊಂದು ದಾರಿಯೂ ಇದೆ. ಅದು ನಾವು ನಿಂತ ನೆಲ. ಈ ಮಾತನ್ನು ಹಾಗೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯೂನಿಟ್: ಬಿಲ್ಲಿನ ಭಾಷೆ

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇಷ್ಟೇ. ವ್ಯಾಟ್ ಎಂಬುದು ಕೆಲಸದ ವೇಗ, ಯೂನಿಟ್ ಎಂಬುದು ಆದ ಒಟ್ಟು ಕೆಲಸ. ಕೂಲಿಯ ದರಕ್ಕೂ ತಿಂಗಳ ಕೊನೆಗೆ ಕೊಟ್ಟ ಒಟ್ಟು ಕೂಲಿಗೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ.

ಲೆಕ್ಕ ಹಾಕಿ ನೋಡೋಣ. ಮನೆಯಲ್ಲಿ 9 ವ್ಯಾಟಿನ ಐದು ಎಲ್‌ಇಡಿ ಬಲ್ಬುಗಳು ದಿನಕ್ಕೆ 5 ಗಂಟೆ ಉರಿದರೆ 225 ವ್ಯಾಟ್-ಗಂಟೆ. ತಿಂಗಳಿಗೆ 7 ಯೂನಿಟ್ಟೂ ಆಗುವುದಿಲ್ಲ. ಹಿಂದಿನ ಕಾಲದ 60 ವ್ಯಾಟಿನ ಬಲ್ಬುಗಳಾಗಿದ್ದರೆ 45 ಯೂನಿಟ್ ಆಗುತ್ತಿತ್ತು. 750 ವ್ಯಾಟಿನ ಮಿಕ್ಸಿ ದೊಡ್ಡ ಸದ್ದು ಮಾಡುತ್ತದೆ ನಿಜ. ಆದರೆ ದಿನಕ್ಕೆ 10 ನಿಮಿಷ ಓಡಿದರೆ ತಿಂಗಳಿಗೆ ನಾಲ್ಕು ಯೂನಿಟ್ಟಿಗೂ ಕಡಿಮೆ. ಸದ್ದಿಲ್ಲದೆ ಯೂನಿಟ್ ನುಂಗುವುದು ನೀರು ಕಾಯಿಸುವ ಗೀಸರು. 20 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಹೆಚ್ಚುಕಡಿಮೆ 0.6 ಯೂನಿಟ್ ಬೇಕು. ನಾಲ್ಕು ಜನರ ಮನೆಯಲ್ಲಿ ದಿನಾ ಸ್ನಾನಕ್ಕೆ ಹೀಗೆ ಕಾಯಿಸಿದರೆ ತಿಂಗಳಿಗೆ 70 ಯೂನಿಟ್. ಬಚ್ಚಲ ಒಲೆಯ ಮೇಲಿನ ಹಂಡೆ ಎಷ್ಟು ಯೂನಿಟ್ ಉಳಿಸುತ್ತಿದೆ ಎಂಬುದು ಈಗ ತಿಳಿಯಿತಲ್ಲ?

2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಆರಂಭವಾದ ಮೇಲಂತೂ ಯೂನಿಟ್ಟಿನ ಲೆಕ್ಕ ಮನೆಮನೆಗೂ ಬೇಕಾಯಿತು. ಯೋಜನೆಯ ಮಿತಿ 200 ಯೂನಿಟ್ ಎಂದಿದ್ದರೂ ಎಲ್ಲರಿಗೂ 200 ಉಚಿತವೆಂದು ಅರ್ಥವಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಪ್ರತಿ ಮನೆಗೂ ಬೇರೆಬೇರೆ ಮಿತಿ ಹಾಕಿದ್ದರು. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎರಡೂ ಇರುತ್ತವೆ. ಕಳೆದರೆ ಬಳಕೆಯ ಯೂನಿಟ್ ಸಿಗುತ್ತದೆ. 'ಮಂಜೂರಾದ ಲೋಡ್' ಎಂದರೆ ಒಂದೇ ಹೊತ್ತಿಗೆ ನೀವು ಎಷ್ಟು ಕಿಲೋವ್ಯಾಟ್ ಬಳಸಬಹುದೆಂದು ಒಪ್ಪಿಕೊಂಡ ಪ್ರಮಾಣ. ನಿಗದಿತ ಶುಲ್ಕ ಅದನ್ನು ಹಿಡಿದು ಬರುವಂಥದು. ಯೂನಿಟ್ ಬೇರೆ, ಲೋಡ್ ಬೇರೆ.

ಇನ್ವರ್ಟರಿನ ಬ್ಯಾಟರಿಗೂ ಇದೇ ಲೆಕ್ಕ. 12 ವೋಲ್ಟ್, 150 ಆಂಪಿಯರ್-ಗಂಟೆ ಎಂದು ಬರೆದಿದ್ದರೆ ಗುಣಿಸಿ: 1800 ವ್ಯಾಟ್-ಗಂಟೆ, ಅಂದರೆ 1.8 ಯೂನಿಟ್. ಪೂರ್ತಿ ಬರಿದು ಮಾಡುವಂತಿಲ್ಲ, ಇನ್ವರ್ಟರಿನಲ್ಲಿಯೂ ಒಂದಿಷ್ಟು ನಷ್ಟ. ಹಾಗಾಗಿ ಸುಮಾರು 1.3 ಯೂನಿಟ್ ಸಿಕ್ಕೀತು. ನಾಲ್ಕು ಎಲ್‌ಇಡಿ ಬಲ್ಬು, ಒಂದು ಫ್ಯಾನು ಸೇರಿ 110 ವ್ಯಾಟಿನಂತೆ 11-12 ಗಂಟೆ ಬರುತ್ತದೆ. ಅದೇ ಬ್ಯಾಟರಿಗೆ ಇಸ್ತ್ರಿಪೆಟ್ಟಿಗೆ ಹಾಕಿದರೆ ಒಂದೂವರೆ ಗಂಟೆಯೂ ಬಾರದು.

ವೋಲ್ಟೇಜ್ ಯಾಕೆ ಬೀಳುತ್ತದೆ?

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಪಂಪಿನ ಮೂರು ಫೇಸಿನ ಲೈನಿನಲ್ಲಿ, ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ 400 ವೋಲ್ಟ್. ರಸ್ತೆ ಪಕ್ಕದ ಟೀಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, 11 ಸಾವಿರ ವೋಲ್ಟ್ ಬಂದು ಅಲ್ಲಿ ಇಳಿಯುತ್ತದೆ. ದೂರಕ್ಕೆ ಸಾಗಿಸುವಾಗ ಇಷ್ಟು ಎತ್ತರಿಸುವುದೇಕೆ? ಅಷ್ಟೇ ವ್ಯಾಟನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಆಂಪಿಯರ್ ಹತ್ತನೇ ಒಂದಾಗುತ್ತದೆ, ತಂತಿ ಬಿಸಿಯಾಗಿ ಹೋಗುವ ನಷ್ಟ ನೂರನೇ ಒಂದಾಗುತ್ತದೆ. ಶರಾವತಿಯ ಯಂತ್ರಗಳಲ್ಲಿ ಹುಟ್ಟಿದ ವಿದ್ಯುತ್ತು 2 ಲಕ್ಷ 20 ಸಾವಿರ ವೋಲ್ಟಿಗೆ ಏರಿ ಹೊರಡುವುದು ಈ ಕಾರಣಕ್ಕೆ.

ಪೇಟೆಯಲ್ಲಿ ಟೀಸಿಯ ಸುತ್ತಲೂ ಮನೆಗಳಿರುತ್ತವೆ. ನಮ್ಮ ಕಡೆ ಗುಡ್ಡಕ್ಕೊಂದು ಕಣಿವೆಗೊಂದು ಮನೆ. ಟೀಸಿಯಿಂದ ಕೊನೆಯ ಮನೆಗೆ ತೋಟ, ಬೇಣ ದಾಟಿ ತಂತಿ ಬಹಳ ದೂರ ಹೋಗಬೇಕು. ತಂತಿ ಉದ್ದವಾದಷ್ಟೂ ಓಮ್ ಹೆಚ್ಚು. ಸಂಜೆ ಎಲ್ಲರೂ ಒಮ್ಮೆಗೇ ಪಂಪು, ಮಿಕ್ಸಿ ಹಾಕಿದರೆ ಆಂಪಿಯರ್ ಏರುತ್ತದೆ. ಆಂಪಿಯರ್ ಮತ್ತು ಓಮ್ ಗುಣಿಸಿದಷ್ಟು ವೋಲ್ಟು ದಾರಿಯಲ್ಲೇ ಉಳಿದುಹೋಗುತ್ತದೆ. ಲೈನಿನ ತುದಿಯ ಮನೆಗೆ 180 ವೋಲ್ಟ್ ತಲುಪಿದರೆ ಸಾವಿರ ವ್ಯಾಟಿನ ಹೀಟರು 612 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ವೋಲ್ಟೇಜ್ ಶೇಕಡಾ 22ರಷ್ಟು ಇಳಿದರೆ ಕಾವು ಶೇಕಡಾ 39ರಷ್ಟು ಇಳಿಯಿತು.

ಹೀಟರಿಗೆ ಇದರಿಂದ ಅಪಾಯವಿಲ್ಲ. ಮೋಟಾರಿಗೆ ಇದೆ. ಭಾರ ಅಷ್ಟೇ ಇದ್ದು ವೋಲ್ಟೇಜ್ ಕಡಿಮೆಯಾದಾಗ ಮೋಟಾರು ಹೆಚ್ಚು ಆಂಪಿಯರ್ ಎಳೆದುಕೊಳ್ಳುತ್ತದೆ, ಬಿಸಿಯಾಗುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ಮೂರರಲ್ಲಿ ಒಂದು ಫೇಸ್ ಹೋದಾಗ ಆಗುವುದೂ ಇದೇ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇಪದೇ ಬೀಳುತ್ತಿದೆಯೆಂದು ಅದನ್ನು ಕಟ್ಟಿಹಾಕುವವರಿದ್ದಾರೆ. ಅದು ಮೋಟಾರು ಉಳಿಸಿಕೊಳ್ಳಿ ಎಂದು ಹೇಳುತ್ತಿರುತ್ತದೆ.

ಫ್ಯೂಸು ಕಾಯುವುದು ಯಾರನ್ನು?

ಈಗ ಮುಖ್ಯ ಪ್ರಶ್ನೆಗೆ ಬರೋಣ. 'ನಮ್ಮನೇಲಿ ಎಂಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆಯುವ ಹೆದರಿಕೆ ಇಲ್ಲ' ಎಂದು ಹೇಳುವವರನ್ನು ನೀವು ಕೇಳಿರಬಹುದು. ಈ ನಂಬಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿ.

ಫ್ಯೂಸು ಅಥವಾ ಎಂಸಿಬಿ ಇರುವುದು ತಂತಿಯನ್ನು ಕಾಯಲಿಕ್ಕೆ. ತಂತಿ ತಡೆಯುವುದಕ್ಕಿಂತ ಹೆಚ್ಚು ಆಂಪಿಯರ್ ಹರಿದು, ಕಾದು, ಮನೆಗೆ ಬೆಂಕಿ ಹತ್ತಬಾರದೆಂದು ಅದು ಸಂಪರ್ಕ ಕಡಿಯುತ್ತದೆ. ಅದಕ್ಕೇ ಫ್ಯೂಸಿಗೆ ದಪ್ಪ ತಂತಿ ಸುತ್ತಬಾರದು. ಫ್ಯೂಸು ಸುಡದಿದ್ದರೆ ಗೋಡೆಯೊಳಗಿನ ವಯರು ಸುಡುತ್ತದೆ.

ಆದರೆ ಮನುಷ್ಯನ ಮೈಯ ಲೆಕ್ಕವೇ ಬೇರೆ. ಆಂಪಿಯರಿನ ಸಾವಿರದಲ್ಲೊಂದು ಭಾಗ ಮಿಲಿಆಂಪಿಯರ್. ಒಂದು ಮಿಲಿಆಂಪಿಯರ್ ಹರಿದರೆ ಜುಂ ಎನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಕೈಯ ಸ್ನಾಯು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದಂತಾಗುತ್ತದೆ. ಐವತ್ತು, ನೂರು ದಾಟಿ ಒಂದೆರಡು ಸೆಕೆಂಡು ಹರಿದರೆ ಹೃದಯದ ಬಡಿತವೇ ತಾಳ ತಪ್ಪಿ ಪ್ರಾಣ ಹೋಗಬಹುದು. 9 ವ್ಯಾಟಿನ ಬಲ್ಬು ಎಳೆಯುವ ಕರೆಂಟು ಎಷ್ಟು? 9ನ್ನು 230ರಿಂದ ಭಾಗಿಸಿ: ಸುಮಾರು 40 ಮಿಲಿಆಂಪಿಯರ್. ಅಂದರೆ ಎರಡು ಮೂರು ಬಲ್ಬುಗಳಿಗೆ ಸಾಕಾಗುವ ಕರೆಂಟು ಒಬ್ಬ ಮನುಷ್ಯನಿಗೆ ಸಾಕು. 6 ಆಂಪಿಯರಿನ ಎಂಸಿಬಿಗೆ ಇದು ಗಮನಕ್ಕೇ ಬರುವುದಿಲ್ಲ. ಇನ್ನೆರಡು ಬಲ್ಬು ಹಾಕಿದರು ಎಂದುಕೊಂಡು ಅದು ಸುಮ್ಮನಿರುತ್ತದೆ.

ಮೂರನೆಯ ಪಿನ್ನು

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಒಂದು ಉದ್ದ, ದಪ್ಪ. ಅದೇ ಅರ್ಥ್. ಉದ್ದವಿರುವುದು ಎಲ್ಲಕ್ಕಿಂತ ಮೊದಲು ಸೇರಿ ಕೊನೆಗೆ ಬಿಡಲೆಂದು. ದಪ್ಪವಿರುವುದು ಬೇರೆ ತೂತಿನಲ್ಲಿ ಹೋಗಬಾರದೆಂದು. ಮನೆಯ ವಯರಿಂಗಿನಲ್ಲಿ ಸಾಮಾನ್ಯವಾಗಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಉಪಕರಣಗಳ ವಯರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್.

ಗ್ರೈಂಡರಿನ ಒಳಗೆ ಫೇಸ್ ತಂತಿಯ ಕವಚ ಸವೆದು ಲೋಹದ ಮೈಗೆ ತಾಗಿತೆನ್ನಿ. ಅರ್ಥ್ ಇಲ್ಲದಿದ್ದರೆ ಆ ಮೈ 230 ವೋಲ್ಟಿನಲ್ಲಿ ಕಾದು ಕೂತಿರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ನಿಮ್ಮ ಅಮ್ಮ ಮುಟ್ಟಿದಾಗ ಕರೆಂಟಿಗೆ ನೆಲದ ದಾರಿ ಸಿಗುತ್ತದೆ. ಅರ್ಥ್ ಸರಿಯಿದ್ದರೆ ಕರೆಂಟು ಹಸಿರು ತಂತಿಯ ಸುಲಭದ ದಾರಿ ಹಿಡಿದು ಮಣ್ಣಿಗಿಳಿಯುತ್ತದೆ.

ಆದರೆ ಆ ದಾರಿ ಎಷ್ಟು ಸುಲಭದ್ದು? ಅರ್ಥ್ ಗುಂಡಿ ತೋಡಿ, ಪೈಪು ಹುಗಿದು, ಇದ್ದಿಲು ಉಪ್ಪು ತುಂಬಿದ ಮೇಲೆ ಅದನ್ನು ಮರೆತೇಬಿಡುತ್ತೇವೆ. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಓಮ್ ಏರುತ್ತದೆ. ಪೈಪಿಗೆ ಕಟ್ಟಿದ ತಂತಿ ತುಕ್ಕು ಹಿಡಿಯುತ್ತದೆ. ಅಂಥ ಗುಂಡಿಯ ರೋಧ 46 ಓಮ್ ಎಂದಿಟ್ಟುಕೊಳ್ಳಿ. 230ನ್ನು 46ರಿಂದ ಭಾಗಿಸಿದರೆ 5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ. ಗ್ರೈಂಡರಿನ ಮೈ ಅಪಾಯದಲ್ಲೇ ಉಳಿಯುತ್ತದೆ. ಮೇಲಿಂದ 1150 ವ್ಯಾಟು ಮಣ್ಣಿಗೆ ಸೋರಿ ಗಂಟೆಗೆ ಒಂದು ಯೂನಿಟ್ಟಿಗೂ ಹೆಚ್ಚು ಮೀಟರಿನಲ್ಲಿ ಓಡುತ್ತದೆ.

ಈ ಸಂದಿನಲ್ಲಿ ನಮ್ಮನ್ನು ಕಾಯುವ ಸಾಧನದ ಹೆಸರು ಆರ್‌ಸಿಸಿಬಿ. ಅಂಗಡಿಯಲ್ಲಿ ಹಳೆಯ ಹೆಸರಿನಿಂದ ಇಎಲ್‌ಸಿಬಿ ಎಂದರೂ ತಿಳಿಯುತ್ತದೆ. ಹೋದಷ್ಟು ಕರೆಂಟು ವಾಪಸು ಬರಬೇಕು ಎಂದು ಮೊದಲೇ ಹೇಳಿದೆನಲ್ಲ, ಇದು ಆ ಲೆಕ್ಕವನ್ನೇ ಸದಾ ನೋಡುತ್ತಿರುತ್ತದೆ. ಫೇಸಿನಲ್ಲಿ ಹೋದದ್ದಕ್ಕಿಂತ ನ್ಯೂಟ್ರಲ್‌ನಲ್ಲಿ ಬಂದದ್ದು ಕಡಿಮೆಯಾದರೆ, ಎಲ್ಲೋ ನೆಲದ ದಾರಿ ಹಿಡಿಯಿತೆಂದು ಅರ್ಥ. ಅದು ಯಾರದೋ ಮೈಯ ಮೂಲಕವೂ ಇರಬಹುದು. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕ್ಷಣಮಾತ್ರದಲ್ಲಿ ಸಂಪರ್ಕ ಕಡಿದುಬಿಡುತ್ತದೆ. ಮೇಲಿನ ಗ್ರೈಂಡರಿನ 5 ಆಂಪಿಯರ್ ಸೋರಿಕೆ ಇದಕ್ಕೆ 160 ಪಟ್ಟಿಗಿಂತ ಹೆಚ್ಚು. ಎರಡು ಮಿತಿಗಳು ತಿಳಿದಿರಲಿ. ಒಬ್ಬರು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಇದಕ್ಕೆ ವ್ಯತ್ಯಾಸ ಕಾಣಿಸದೇ ಹೋಗಬಹುದು. ಇದು ಓವರ್‌ಲೋಡನ್ನು ತಡೆಯುವುದಿಲ್ಲ, ಅದಕ್ಕೆ ಎಂಸಿಬಿ ಬೇಕೇ ಬೇಕು. ಎಂಸಿಬಿ ಮನೆಗೆ, ಆರ್‌ಸಿಸಿಬಿ ಮತ್ತು ಅರ್ಥಿಂಗ್ ಮನೆಯವರಿಗೆ ಎಂದು ನೆನಪಿಟ್ಟರೆ ಸಾಕು.

ತೋಟಕ್ಕೆ ಹೋಗುವ ಮುನ್ನ

ಕೊನೆ ಕೊಯ್ಲಿಗೂ ಮದ್ದು ಹೊಡೆಯಲಿಕ್ಕೂ ಈಗ ಉದ್ದನೆಯ ದೋಟಿಗಳು ಬಂದಿವೆ. ಬಿದಿರಿಗಿಂತ ಹಗುರ, ಮರ ಹತ್ತುವ ಕಷ್ಟವಿಲ್ಲ. ಆದರೆ ಅಲ್ಯೂಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರ್ ಕೂಡ ವಿದ್ಯುತ್ತನ್ನು ಹರಿಯಬಿಡುತ್ತದೆ. 'ಫೈಬರ್' ಎಂಬ ಹೆಸರು ಕೇಳಿ ಪ್ಲಾಸ್ಟಿಕ್ ಇರಬೇಕೆಂದು ನಂಬಿದವರು ಲೈನಿಗೆ ದೋಟಿ ತಾಗಿ ಜೀವ ಕಳೆದುಕೊಂಡ ಸುದ್ದಿಗಳು ಅಡಿಕೆ ಸೀಮೆಯಿಂದ ಬಂದಿವೆ. ತೋಟದ ಮೇಲೆ ಲೈನು ಹಾದುಹೋಗಿದ್ದರೆ ದೋಟಿ ಎತ್ತುವ ಮೊದಲು ತಲೆ ಎತ್ತಿ ನೋಡಬೇಕು. ಲೈನಿನ ಹತ್ತಿರದ ಮರಗಳ ಕೊನೆ ತೆಗೆಯುವಾಗ ಲೈನ್‌ಮನ್‌ಗೆ ಹೇಳಿ ಲೈನು ಬಂದ್ ಮಾಡಿಸಿಯೇ ಕೆಲಸ ಶುರು ಮಾಡಬೇಕು.

ಹಂದಿ ಕಾಟಕ್ಕೆಂದು ಬೇಲಿಗೆ ಮನೆಯ ಕರೆಂಟು ಕೊಡುವುದು ಅಪರಾಧ, ಜೀವಕ್ಕೂ ಕುತ್ತು. 'ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದಲ್ಲ, ಅದು ಕೊಲ್ಲುವುದಿಲ್ಲವಲ್ಲ?' ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಆ ಯಂತ್ರ ಕರೆಂಟನ್ನು ಸೆಕೆಂಡಿಗೆ ಸುಮಾರು ಒಂದು ಸಲ, ಅತ್ಯಲ್ಪ ಕ್ಷಣ ಮಾತ್ರ ಬಿಡುತ್ತದೆ. ಹೊಡೆತ ನೋಯುತ್ತದೆ, ಹಿಡಿದುಕೊಳ್ಳುವುದಿಲ್ಲ. ಮನೆಯ 230 ವೋಲ್ಟು ಬಿಡುವಿಲ್ಲದೆ ಹರಿಯುತ್ತದೆ. ಕೊಲ್ಲುವುದು ಬರೀ ವೋಲ್ಟಲ್ಲ. ಮೈಯಲ್ಲಿ ಎಷ್ಟು ಆಂಪಿಯರ್, ಎಷ್ಟು ಹೊತ್ತು ಹರಿಯಿತು ಎಂಬುದು ಮುಖ್ಯ.

ಗಾಳಿಮಳೆಗೆ ಲೈನು ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ತಂತಿಯ ಸುತ್ತಲಿನ ಒದ್ದೆ ನೆಲದಲ್ಲಿ ಅಡಿಗೊಂದು ವೋಲ್ಟೇಜ್ ಇರುತ್ತದೆ. ಎರಡು ಕಾಲಿನ ನಡುವಿನ ಅಂತರವೇ ಸಾಕು. ದನಗಳ ಮುಂಗಾಲು ಹಿಂಗಾಲುಗಳ ಅಂತರ ಇನ್ನೂ ಹೆಚ್ಚು, ಅದಕ್ಕೇ ಅವು ಬೇಗ ಬಲಿಯಾಗುತ್ತವೆ. ಹೆಸ್ಕಾಂನ 1912ಕ್ಕೆ ಅಥವಾ ಲೈನ್‌ಮನ್‌ಗೆ ತಿಳಿಸಿ, ಅವರು ಬರುವವರೆಗೆ ಯಾರೂ ಆ ದಾರಿಯಲ್ಲಿ ಬಾರದಂತೆ ನೋಡಿಕೊಳ್ಳಿ.

ಈ ಭಾನುವಾರದ ಕೆಲಸ

ವಿದ್ಯಾರ್ಥಿಗಳು ಒಂದು ಹಾಳೆ ಹಿಡಿದು ಮನೆಯ ಪ್ರತಿ ಉಪಕರಣದ ಮೇಲೆ ಬರೆದ ವ್ಯಾಟನ್ನು ಬರೆದುಕೊಳ್ಳಿ. ಎಷ್ಟು ಹೊತ್ತು ಓಡುತ್ತದೆಂದು ಮನೆಯವರನ್ನು ಕೇಳಿ, ದಿನದ ಯೂನಿಟ್ ಲೆಕ್ಕ ಹಾಕಿ. ಮೀಟರಿನ ರೀಡಿಂಗನ್ನು ಏಳು ದಿನ ಒಂದೇ ಹೊತ್ತಿಗೆ ನೋಡಿ ಬರೆದು ನಿಮ್ಮ ಲೆಕ್ಕದ ಜೊತೆ ಹೋಲಿಸಿ. ನಂತರ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಮೇನ್ ಸ್ವಿಚ್ ಮಾತ್ರ ಹಾಕಿಟ್ಟು, ಮೀಟರು ಆಗಲೂ ಓಡುತ್ತದೆಯೇ ನೋಡಿ. ಓಡಿದರೆ ಪ್ಲಗ್ಗಿನಲ್ಲಿ ಏನಾದರೂ ಉಳಿದಿರಬೇಕು, ಇಲ್ಲವೇ ಎಲ್ಲೋ ಸೋರಿಕೆ ಇರಬೇಕು. ಯಾವ ಬೋರ್ಡನ್ನೂ ಬಿಚ್ಚುವಂತಿಲ್ಲ, ಅದು ಎಲೆಕ್ಟ್ರಿಷಿಯನ್ ಕೆಲಸ.

ತಂದೆ ತಾಯಂದಿರು ನಾಲ್ಕು ವಿಷಯ ನೋಡಿ. ಮೇನ್ ಬೋರ್ಡಿನಲ್ಲಿ 'ಟಿ' ಎಂಬ ಗುಂಡಿ ಇರುವ ಆರ್‌ಸಿಸಿಬಿ ಇದೆಯೇ? ಇದ್ದರೆ ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ. ಬೀಳದಿದ್ದರೆ ಬದಲಾಯಿಸಿ. ಅರ್ಥ್ ಗುಂಡಿ ಎಲ್ಲಿದೆಯೆಂದು ಮನೆಯವರೆಲ್ಲರಿಗೂ ಗೊತ್ತೇ? ಬೇಸಿಗೆಯಲ್ಲಿ ಅದಕ್ಕೆ ನೀರು ಹನಿಸಿ, ತಂತಿಯ ಜೋಡಣೆಯನ್ನು ವರ್ಷಕ್ಕೊಮ್ಮೆ ನೋಡಿಸಿ. ಸರ್ವಿಸ್ ವಯರು ತಗಡಿನ ಅಂಚಿಗೆ ಉಜ್ಜುತ್ತಿದೆಯೇ? ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ತಂತಿ ಯಾವುದಾದರೂ ವಯರಿನ ಹತ್ತಿರ ಹಾದುಹೋಗಿದೆಯೇ? ತಂತಿಯ ಬದಲು ನೈಲಾನ್ ಹಗ್ಗ ಕಟ್ಟಿದರೆ ಕೆಲವೇ ರೂಪಾಯಿಯ ಖರ್ಚು. ಮಿಕ್ಸಿಯೋ ಪಂಪೋ 'ಜುಂ' ಎಂದರೆ ಚಪ್ಪಲಿ ಮೆಟ್ಟಿಕೊಂಡು ಬಳಸುವುದು ಪರಿಹಾರವಲ್ಲ. ಪ್ಲಗ್ಗು ತೆಗೆದು ಬದಿಗಿಡಿ, ರಿಪೇರಿ ಮಾಡಿಸಿದ ಮೇಲೆಯೇ ಮತ್ತೆ ಹಾಕಿ.